ಫಾರಂ, ನಮೂನೆ, ರೂಪ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಚಿತ್ತಾಪುರದಿಂದ ನೀವು ಬರೆದ ಪತ್ರ ತಲುಪಿದೆ. ಮತದಾರರ ಪಟ್ಟಿಯ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನದಲ್ಲಿ ಒಂದೇ ಕಾಗದವನ್ನು ಒಂದೆಡೆ ‘ಫಾರಂ’ ಎಂದೂ, ಇನ್ನೊಂದೆಡೆ ‘ನಮೂನೆ’ ಎಂದೂ, ಮತ್ತೊಂದೆಡೆ ‘ಅರ್ಜಿ’ ಎಂದೂ ಬರೆದಿರುವುದನ್ನು ಎತ್ತಿ ತೋರಿಸಿ, ಇವುಗಳಲ್ಲಿ ಸರಿಯಾದುದು ಯಾವುದೆಂದು ಕೇಳಿದ್ದೀರಿ. ನಮೂನೆ ಫಾರಸಿ ಮೂಲದ್ದಾದುದರಿಂದ ‘ರೂಪಪತ್ರ’ ಎಂಬ ಹೊಸ ಶಬ್ದವನ್ನು ಏಕೆ ಬಳಕೆಗೆ ತರಬಾರದು ಎಂದಿದ್ದೀರಿ. ಜೊತೆಗೆ, ನಿಮ್ಮ ಹತ್ತನೆಯ ತರಗತಿಯ ಹುಡುಗನೊಬ್ಬ ಉತ್ತರಪತ್ರಿಕೆಯಲ್ಲಿ ‘ಕವಿತೆಯ ನಮೂನೆ ಷಟ್ಪದಿ’ ಎಂದು ಬರೆದಿರುವುದಕ್ಕೆ ಅಂಕ ಕೊಡಬೇಕೋ ಬೇಡವೋ ಎಂಬ ಸಂದೇಹವನ್ನೂ ಮುಂದಿಟ್ಟಿದ್ದೀರಿ.

ಇಂಗ್ಲಿಷಿನ ‘ಫಾರ್ಮ್’ ಲ್ಯಾಟಿನ್ನಿನ ‘ಫೋರ್ಮಾ’ದಿಂದ ಫ್ರೆಂಚಿನ ಮೂಲಕ ಬಂದ ಶಬ್ದ. ಫೋರ್ಮಾ ಎಂದರೆ ಆಕಾರವೂ ಹೌದು, ಆ ಆಕಾರವನ್ನು ಕೊಡುವ ಅಚ್ಚೂ ಹೌದು. ಬೀದರಿನ ಬಿದರಿ ಕುಶಲಕರ್ಮಿಗಳ ಕೆಲಸವನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ: ಸತು ಮತ್ತು ತಾಮ್ರವನ್ನು ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ಯುತ್ತಾರೆ, ಅಚ್ಚು ಒಡೆದಾಗ ಹೂಜಿಯ ಆಕಾರ ಹೊರಬರುತ್ತದೆ. ನಾವು ಅಚ್ಚನ್ನೂ ಆಕಾರವನ್ನೂ ಬೇರೆ ಬೇರೆ ಹೆಸರಿನಿಂದ ಕರೆಯುತ್ತೇವೆ, ಲ್ಯಾಟಿನ್ ಎರಡಕ್ಕೂ ಒಂದೇ ಹೆಸರಿಟ್ಟಿತು. ಆ ಶಬ್ದ ಇಂಗ್ಲಿಷಿನಲ್ಲಿ ಇಷ್ಟೊಂದು ಅರ್ಥಗಳಿಗೆ ಕವಲೊಡೆಯಲು ಇದೇ ಕಾರಣ. ಅಚ್ಚಿನಂತೆ ಮೊದಲೇ ಸಿದ್ಧಪಡಿಸಿ, ಖಾಲಿ ಜಾಗಗಳನ್ನು ಬಿಟ್ಟ ಕಾಗದವೂ ‘ಫಾರ್ಮ್’ ಆಯಿತು. ಮುದ್ರಣಾಲಯದಲ್ಲಿ ಅಕ್ಷರದ ಅಚ್ಚುಮೊಳೆಗಳನ್ನು ಜೋಡಿಸಿ ಚೌಕಟ್ಟಿನಲ್ಲಿ ಬಿಗಿದದ್ದೂ ಅದೇ ಹೆಸರು ಪಡೆಯಿತು, ಮೊಳೆಗಳು ಮರೆಯಾದ ಮೇಲೂ ನಾವು 16 ಪುಟಕ್ಕೆ ಒಂದು ಫಾರಂ ಎಂದು ಲೆಕ್ಕ ಹಾಕಿ, 160 ಪುಟದ ಪುಸ್ತಕವನ್ನು ಹತ್ತು ಫಾರಂ ಎನ್ನುತ್ತೇವೆ.

ಈಗ ‘ನಮೂನೆ’ಯನ್ನು ನೋಡಿ. ಇದು ಫಾರಸಿಯಿಂದ ಬಂದುದು ನಿಜ, ಮೂಲದಲ್ಲಿ ಮಾದರಿ ಎಂದರ್ಥ. 1948ರವರೆಗೆ ಉರ್ದು ಕಚೇರಿಯ ಭಾಷೆಯಾಗಿದ್ದ ನಮ್ಮ ಭಾಗದಲ್ಲಿ ಇಂಥ ಶಬ್ದಗಳು ದಫ್ತರಿನಲ್ಲಷ್ಟೇ ಉಳಿಯದೆ ಮನೆಯ ಒಳಗೂ ಬಂದಿವೆ. ಆದರೆ ನಮೂನೆ ನಮ್ಮ ಭಾಗಕ್ಕಷ್ಟೇ ಸೇರಿದ್ದಲ್ಲ, ಮೈಸೂರಿನವರೂ ಅದನ್ನು ಬಲ್ಲರು. ನಮ್ಮಲ್ಲಿ ‘ಯಾವ ನಮೂನಿ ಬಟ್ಟಿ ಬೇಕ್ರಿ?’ ಎಂದು ಅಂಗಡಿಯವನು ಕೇಳುತ್ತಾನೆ, ಮೈಯಲ್ಲಿ ಸರಿಯಿಲ್ಲದ ಅಜ್ಜಿ ‘ಒಂದ್ ನಮೂನಿ ಆಗ್ಲಿಕತ್ತದ’ ಎನ್ನುತ್ತಾಳೆ. ಮಾದರಿ, ಬಗೆ, ರೀತಿ, ನಿಗದಿಯಾದ ಕಾಗದ ಎಂದು ಈ ಶಬ್ದ ಬೆಳೆದ ದಾರಿಯೂ ಫೋರ್ಮಾ ಬೆಳೆದ ದಾರಿಯೂ ಬಹಳಮಟ್ಟಿಗೆ ಒಂದೇ. ಇಷ್ಟು ಬೇರುಬಿಟ್ಟ ಶಬ್ದವನ್ನು ಮೂಲದ ಕಾರಣಕ್ಕೆ ಕಿತ್ತು, ಯಾರ ಬಾಯಲ್ಲೂ ಇಲ್ಲದ ‘ರೂಪಪತ್ರ’ವನ್ನು ನೆಡಲು ನನಗೆ ಮನಸ್ಸು ಬರುವುದಿಲ್ಲ. ಮೂಲವನ್ನೇ ನೋಡುವುದಾದರೆ ಆ ಹೊಸ ಶಬ್ದದ ಎರಡು ತುಂಡುಗಳೂ ಸಂಸ್ಕೃತದವು.

ಕಚೇರಿಯ ಬಳಕೆಯಲ್ಲಿ ನಮೂನೆ ಆಗಲೇ ನೆಲೆಯೂರಿದೆ. ಮತದಾರರ ಪಟ್ಟಿಗೆ ಹೊಸದಾಗಿ ಹೆಸರು ಸೇರಿಸಲು ನಮೂನೆ 6, ತಿದ್ದುಪಡಿಗೆ ನಮೂನೆ 8. ರೈತರ ಪಹಣಿ ಇರುವುದು ನಮೂನೆ 16ರಲ್ಲಿ. ಪಹಣಿಯನ್ನು ರೈತನು ತುಂಬುವುದಿಲ್ಲ ಎಂಬುದನ್ನು ಗಮನಿಸಿ: ನಮೂನೆ ಎಂದರೆ ತುಂಬಿಕೊಡುವ ಕಾಗದ ಮಾತ್ರವಲ್ಲ, ನಿಯಮವು ಗೊತ್ತುಪಡಿಸಿದ ವಿನ್ಯಾಸ. ಅದೇ ಸಂಖ್ಯೆಯನ್ನು ಸಂಬಳದಾರರು ‘ಫಾರಂ 16’ ಎಂದಾಗ ಅದು ಆದಾಯ ತೆರಿಗೆಯ ಕಾಗದ. ‘ಅರ್ಜಿ’ ಇವೆರಡಕ್ಕಿಂತ ಬೇರೆ, ಅದು ಬೇಡಿಕೆ. ಬಿಳಿ ಹಾಳೆಯ ಮೇಲೆ ಕೈಯಿಂದ ಬರೆದರೂ ಅರ್ಜಿ ಅರ್ಜಿಯೇ. ಖಾಲಿ ಇರುವಾಗ ನಮೂನೆ, ತುಂಬಿ ಸಹಿ ಹಾಕಿ ಕೊಟ್ಟ ಮೇಲೆ ಅರ್ಜಿ ಎಂದು ನೆನಪಿಟ್ಟರೆ ಗೊಂದಲವಾಗದು.

‘ಫಾರಂ’ ಬರವಣಿಗೆಯಲ್ಲಿ ಇನ್ನೊಂದು ತೊಡಕನ್ನೂ ತರುತ್ತದೆ. ಆಫೀಸು, ಕಾಲೇಜು, ಡಾಕ್ಟರು ಮುಂತಾದವುಗಳಲ್ಲಿ ಇಂಗ್ಲಿಷಿನ ಒಕಾರದ ಧ್ವನಿಯನ್ನು ಕನ್ನಡ ಆಕಾರವಾಗಿಸಿಕೊಂಡಂತೆ ಇಲ್ಲಿಯೂ ಆಗಿದೆ. ಹೀಗಾಗಿ ತುಂಬುವ ಫಾರಂ ಮತ್ತು ಕೋಳಿ ಸಾಕುವ ಫಾರಂ ಕನ್ನಡದಲ್ಲಿ ಒಂದೇ ಆಗಿಬಿಟ್ಟಿವೆ. ಎರಡನೆಯದು ನಿಗದಿತ ಗೇಣಿ ಎಂಬರ್ಥದ ಬೇರೊಂದು ಹಳೆಯ ಶಬ್ದದಿಂದ ಬಂದುದು, ಫೋರ್ಮಾಕ್ಕೂ ಅದಕ್ಕೂ ನಂಟಿಲ್ಲ.

ನೀವು ಕೇಳದೆ ಬಿಟ್ಟ ಸಂಗತಿಯೊಂದು ನನ್ನನ್ನು ಹೆಚ್ಚು ಕಾಡುತ್ತದೆ. ಫೋರ್ಮಾದಿಂದ ಬಂದ ಆ ಇಂಗ್ಲಿಷ್ ಶಬ್ದವೇ ಕ್ರಿಯಾಪದವಾದಾಗ ನಮ್ಮ ಅನುವಾದಕರು ಎಲ್ಲ ಕಡೆಯೂ ‘ರೂಪುಗೊಂಡಿತು’ ಎಂದು ಬರೆಯುತ್ತಾರೆ. ‘ಆಕಾಶದಲ್ಲಿ ಮೋಡಗಳು ರೂಪುಗೊಂಡವು’, ‘ಹಾಲಿನ ಮೇಲೆ ಕೆನೆ ರೂಪುಗೊಂಡಿತು’ ಎಂಬ ವಾಕ್ಯಗಳು ಈ ಮೇಜಿಗೆ ಬಂದಿವೆ. ಮೋಡ ಕಟ್ಟುತ್ತದೆ, ಕೆನೆ ಕಟ್ಟುತ್ತದೆ. ತೊಗರಿಯ ಹೂ ಉದುರಿದ ಮೇಲೆ ಕಾಯಿ ಕಟ್ಟುತ್ತದೆ ಎಂದು ನಮ್ಮ ಜಿಲ್ಲೆಯ ಯಾವ ರೈತನೂ ಹೇಳಬಲ್ಲ. ಸಮಿತಿಯನ್ನು ರಚಿಸುತ್ತಾರೆ, ಅಭ್ಯಾಸ ಬೆಳೆಯುತ್ತದೆ, ಜನ ಸಾಲುಗಟ್ಟುತ್ತಾರೆ. ಆಟಗಾರನ ‘ಫಾರ್ಮ್’ಗೆ ಕ್ರೀಡಾ ವರದಿಗಾರರು ‘ಲಯ’ ಎಂದು ಬರೆಯುತ್ತಾರೆ, ‘ಲಯಕ್ಕೆ ಮರಳಿದ’ ಎಂಬ ಮಾತು ಮೂಲಕ್ಕಿಂತ ಚೆಲುವಾಗಿದೆ. ಒಂದು ಇಂಗ್ಲಿಷ್ ಶಬ್ದಕ್ಕೆ ಒಂದೇ ಕನ್ನಡ ಶಬ್ದ ಬೇಕೆಂಬ ಹಟ ಹಿಡಿದರೆ ಇಷ್ಟೆಲ್ಲವನ್ನೂ ಕಳೆದುಕೊಳ್ಳುತ್ತೇವೆ.

ಇನ್ನು ಆ ಹುಡುಗನ ಉತ್ತರ. ಸಾಹಿತ್ಯದ ಚರ್ಚೆಯಲ್ಲಿ ವಸ್ತುವಿಗೆ ಎದುರಾಗಿ ನಿಲ್ಲುವುದು ‘ರೂಪ’, ಕಾದಂಬರಿ, ನಾಟಕಗಳಂಥ ವಿಂಗಡಣೆಗೆ ‘ಪ್ರಕಾರ’. ಆದುದರಿಂದ ‘ಕವಿತೆಯ ಛಂದೋರೂಪ ಷಟ್ಪದಿ’ ಎಂದು ಬರೆಯುವುದನ್ನು ಅವನಿಗೆ ಕಲಿಸಿರಿ. ಆದರೆ ಅಂಕ ಕಳೆಯಬೇಡಿರೆಂದು ನನ್ನ ವಿನಂತಿ, ಏಕೆಂದರೆ ಅವನು ವಿಷಯವನ್ನು ತಿಳಿದೇ, ತನ್ನ ಮನೆಯ ಮಾತಿನಲ್ಲಿ ಹೇಳಿದ್ದಾನೆ.

ಲೇಖನದಲ್ಲಿ ಮೂರು ಶಬ್ದಗಳು ಬೆರೆತುಹೋದದ್ದು ನಮ್ಮ ತಪ್ಪು, ಕರಡು ತಿದ್ದುವಾಗ ನಾನೇ ಅದನ್ನು ಗಮನಿಸಬೇಕಿತ್ತು. ‘ಅರ್ಜಿ 6ನ್ನು ಪಡೆದು, ಫಾರಂ ತುಂಬಿ ಸಲ್ಲಿಸಬೇಕು’ ಎಂಬ ವಾಕ್ಯವನ್ನು ‘ನಮೂನೆ 6ನ್ನು ಪಡೆದು, ತುಂಬಿ ಸಲ್ಲಿಸಬೇಕು’ ಎಂದು ಓದುಗರು ತಿದ್ದಿ ಓದಿಕೊಳ್ಳಬೇಕಾಗಿ ಕೋರುತ್ತೇನೆ.

ಸಂಪಾದಕ
ಕಲಬುರಗಿ