ಸಚಿವರು ಇರುವಾಗ ಅಮೆರಿಕದ ಅಧ್ಯಕ್ಷರಿಗೆ ಬೇರೆ ಕಚೇರಿಗಳು ಯಾಕೆ?

ಸಚಿವರು ಅವರವರ ಇಲಾಖೆ ನೋಡಿಕೊಳ್ಳುತ್ತಾರೆ. ಎಲ್ಲವನ್ನೂ ಒಟ್ಟಿಗೆ ಅಧ್ಯಕ್ಷರ ಕಡೆಯಿಂದ ನೋಡುವವರೂ ಬೇಕಲ್ವಾ? 1937ರಲ್ಲಿ, ಆಡಳಿತ ಸುಧಾರಣೆಗೆಂದು ನೇಮಿಸಿದ್ದ ಬ್ರೌನ್‌ಲೋ ಸಮಿತಿ ‘ಅಧ್ಯಕ್ಷರಿಗೆ ನೆರವು ಬೇಕು’ ಎಂದು ನೇರವಾಗಿಯೇ ಬರೆಯಿತು. 1939ರಲ್ಲಿ, ರೂಸ್‌ವೆಲ್ಟ್ ಕಾಲದಲ್ಲಿ, ಅಧ್ಯಕ್ಷರ ಕಾರ್ಯನಿರ್ವಾಹಕ ಕಚೇರಿ ಶುರುವಾಯಿತು.

ಇದರ ಅಡಿಯಲ್ಲಿ ಹಲವು ಕಚೇರಿಗಳಿವೆ. ನನ್ನ ಪ್ರಕಾರ ಅವುಗಳಲ್ಲಿ ಜಾಸ್ತಿ ತೂಕ ಬಜೆಟ್ ಕಚೇರಿಗೆ. ಇಲಾಖೆಗಳು ಇಷ್ಟು ದುಡ್ಡು ಬೇಕು ಅಂತ ಪಟ್ಟಿ ಕಳಿಸುತ್ತವೆ. ಇಲ್ಲಿನವರು ಅದನ್ನು ಜಾಲಾಡಿ, ಕತ್ತರಿ ಹಾಕಿ ವಾಪಸ್ ಕಳಿಸುತ್ತಾರೆ. ಒಪ್ಪಿಗೆಯಾಗದ ಇಲಾಖೆ ಮೇಲ್ಮನವಿ ಸಲ್ಲಿಸಬಹುದು. ಈ ಜಗ್ಗಾಟವೆಲ್ಲ ಮುಗಿದ ಮೇಲೇ ಬಜೆಟ್ ಸಂಸತ್ತಿಗೆ ಹೋಗುವುದು.

ಭದ್ರತೆಗೆ 1947ರ ರಾಷ್ಟ್ರೀಯ ಭದ್ರತಾ ಮಂಡಳಿ ಇದೆ. ಆರ್ಥಿಕ ಸಲಹೆಗೆ 1946ರಿಂದ ಮೂವರು ಸದಸ್ಯರ ಮಂಡಳಿ.

ಸ್ಟಾಫ್ ಸೆಕ್ರೆಟರಿ ಅಂತ ಇನ್ನೊಂದು ಹುದ್ದೆ ಇದೆ. ಹೆಸರು ಕೇಳಿದರೆ ಗುಮಾಸ್ತಿಕೆ ಅನಿಸುತ್ತದೆ. ಆದರೆ ಅಧ್ಯಕ್ಷರ ಮೇಜಿಗೆ ಹೋಗುವ ಕಾಗದಪತ್ರ ಸಾಮಾನ್ಯವಾಗಿ ಇವರ ಕೈ ದಾಟಿಯೇ ಹೋಗಬೇಕು. ಸಂಬಂಧಪಟ್ಟವರೆಲ್ಲ ಅದನ್ನು ನೋಡಿ ಅಭಿಪ್ರಾಯ ಕೊಟ್ಟಿದ್ದಾರಾ ಅಂತ ಇವರು ಪರೀಕ್ಷಿಸುತ್ತಾರೆ.

ಒಂದು ತಮಾಷೆ ನೋಡಿ: ಬಜೆಟ್ ಕಚೇರಿಯ ನಿರ್ದೇಶಕರ ನೇಮಕಕ್ಕೆ ಸೆನೆಟ್ ಒಪ್ಪಿಗೆ ಬೇಕು, ಶ್ವೇತಭವನದ ಸಿಬ್ಬಂದಿ ಮುಖ್ಯಸ್ಥರ (ಚೀಫ್ ಆಫ್ ಸ್ಟಾಫ್) ನೇಮಕಕ್ಕೆ ಬೇಡ. ಅಧ್ಯಕ್ಷರನ್ನು ಯಾರು ಭೇಟಿಯಾಗಬೇಕು ಎಂಬುದರಲ್ಲಿ ದೊಡ್ಡ ಮಾತು ಈ ಮುಖ್ಯಸ್ಥರದ್ದೇ.