ಪೋಲಿಷ್ ಕಲಿಯಲು ವ್ಯಾಕರಣ ಓದಬೇಕಾ, ಸುಮ್ನೆ ಕೇಳುತ್ತಾ ಹೋದರೆ ಸಾಕಾ?

ಹೆಚ್ಚು ಹೊತ್ತು ಕೇಳುವುದಕ್ಕೇ ಕೊಡಿ. ಆದರೆ ವ್ಯಾಕರಣ ಪೂರ್ತಿ ಬಿಟ್ಟರೆ ಪೋಲಿಷ್‌ನಲ್ಲಿ ಬಂಡಿ ಬೇಗ ಹೂತುಕೊಳ್ಳುತ್ತದೆ.

ಕಾರಣ, ಅದರ 7 ವಿಭಕ್ತಿಗಳು. ಕಾಫಿಗೆ ‘ಕಾವಾ’ ಅನ್ನುತ್ತಾರೆ. ಅಂಗಡಿಯಲ್ಲಿ ಕೇಳುವಾಗ ‘ಪೊಪ್ರೊಷೆ ಕಾವೆ’ ಆಗುತ್ತದೆ. ಎರಡು ಕಾಫಿ ಅಂದರೆ ‘ದ್ವ್ಯೆ ಕಾವಿ’, ಐದಾದರೆ ‘ಪ್ಯೆಂಚ್ ಕಾಫ್’! ಐದರಿಂದ ಇಪ್ಪತ್ತೊಂದರವರೆಗೂ ‘ಕಾಫ್’, ಇಪ್ಪತ್ತೆರಡಕ್ಕೆ ಮತ್ತೆ ‘ಕಾವಿ’. ಇದನ್ನು ಬರೀ ಕಿವಿಯಿಂದ ಊಹಿಸಲು ತಿಂಗಳುಗಟ್ಟಲೆ ಬೇಕು. ಪುಸ್ತಕದಲ್ಲಿ ಓದಿದರೆ ಐದು ನಿಮಿಷದ ಕೆಲಸ.

ಕನ್ನಡದವರಿಗೆ ಇಲ್ಲೊಂದು ಅನುಕೂಲ ಇದೆ. ಮರವನ್ನು, ಮರದಿಂದ, ಮರಕ್ಕೆ ಅಂತ ಪದದ ಕೊನೆ ಬದಲಿಸುವುದು ನಮಗೆ ಹೊಸದಲ್ಲ. ಕಷ್ಟ ಇರುವುದು ಲಿಂಗದಲ್ಲಿ. ನಮಗೆ ಮೇಜು, ಕುರ್ಚಿ, ಕಾಫಿ ಎಲ್ಲವೂ ‘ಅದು’ ತಾನೇ? ಅಲ್ಲಿ ಮೇಜು ಪುಲ್ಲಿಂಗ, ಕಾಫಿ ಸ್ತ್ರೀಲಿಂಗ, ಕುರ್ಚಿ ನಪುಂಸಕಲಿಂಗ. ಪ್ರತ್ಯಯಗಳೂ ಅದಕ್ಕೆ ತಕ್ಕ ಹಾಗೆ ಬದಲಾಗುತ್ತವೆ.

ಹಾಗಂತ ಕೋಷ್ಟಕ ಬಾಯಿಪಾಠ ಮಾಡುತ್ತಾ ಕೂರಬೇಡಿ. ಮಾತಾಡುವಾಗ ಅದನ್ನು ನೆನಪಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ‘ಮಾಮ್ ಚಾಸ್’ ಅಂದರೆ ನನಗೆ ಸಮಯ ಇದೆ. ಇಲ್ಲ ಅನ್ನಲು ‘ನ್ಯೆ ಮಾಮ್ ಚಾಸು’. ‘ಇಲ್ಲ’ ಬಂದಾಗ ಪದದ ರೂಪ ಬದಲಾಗುತ್ತದೆ ಅನ್ನುವ ನಿಯಮ ಒಮ್ಮೆ ಓದಿ. ಆಮೇಲೆ ಆ ವಾಕ್ಯವನ್ನು ಹತ್ತಾರು ಸಲ ಕೇಳಿ, ಜೋರಾಗಿ ಹೇಳಿ. ‘ಚಾಸು’ ತಾನಾಗಿಯೇ ಬಾಯಿಗೆ ಬರುತ್ತದೆ.

ನನ್ನ ಸಲಹೆ: ದಿನಕ್ಕೆ ಅರ್ಧ ಗಂಟೆ ಕೇಳಿ, ಹತ್ತು ನಿಮಿಷ ವ್ಯಾಕರಣ ಓದಿ. ಅವತ್ತು ಕೇಳಿದ್ದರಲ್ಲಿ ಗೊಂದಲ ಆದದ್ದನ್ನೇ ಓದಿ.