ಕಾರ್ಬನ್ ನ್ಯಾನೋಟ್ಯೂಬ್ ಚಿಪ್ ಎಲ್ಲಿವರೆಗೆ ಬಂತು?

ಚಿಪ್‌ಗಳಲ್ಲಿ ಸಿಲಿಕಾನ್ ಜಾಗಕ್ಕೆ ಕಾರ್ಬನ್ ನ್ಯಾನೋಟ್ಯೂಬ್ ಬರುತ್ತದೆ ಅಂತ ವರ್ಷಗಳಿಂದ ಹೇಳುತ್ತಿದ್ದಾರೆ, ಕೆಲಸ ನಿಂತುಹೋಯಿತಾ ಎಂದು ಕೇಳಿದ್ದೀರಿ. ನಿಂತಿಲ್ಲ, ನಿಧಾನವಾಗಿ ಸಾಗಿದೆ.

ಇಂಗಾಲದ ಪರಮಾಣುಗಳ ಒಂದೇ ಪದರದ ಹಾಳೆಯನ್ನು ಚಾಪೆಯಂತೆ ಸುತ್ತಿದರೆ ಹೇಗೋ, ಹಾಗಿರುತ್ತದೆ ಈ ಕೊಳವೆ. ಅಗಲ ಸುಮಾರು 1 ನ್ಯಾನೋಮೀಟರ್. ತೊಡಕಿರುವುದು ಸುತ್ತಿದ ಕೋನದಲ್ಲಿ. ಅದು ಸ್ವಲ್ಪ ಬದಲಾದರೂ ಗುಣವೇ ಬೇರೆ. ಸಾಮಾನ್ಯವಾಗಿ ಬೆಳೆಸಿದಾಗ ಮೂರರಲ್ಲಿ ಎರಡು ಪಾಲು ಅರೆವಾಹಕ (ವಿದ್ಯುತ್ತನ್ನು ಬೇಕಾದಾಗ ಹರಿಸಿ, ಬೇಡವಾದಾಗ ತಡೆಯಬಹುದಾದದ್ದು), ಒಂದು ಪಾಲು ಸದಾ ವಿದ್ಯುತ್ ಹರಿಸುವ ಲೋಹದಂಥದ್ದು. ಲೋಹದಂಥದ್ದು ಚಿಪ್‌ನೊಳಗಿನ ಪುಟ್ಟ ಸ್ವಿಚ್ಚಾದ ಟ್ರಾನ್ಸಿಸ್ಟರ್‌ಗೆ ಸೇರಿಕೊಂಡರೆ ಆ ಸ್ವಿಚ್ಚು ಸರಿಯಾಗಿ ಆಫ್ ಆಗುವುದೇ ಇಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ತೆಗೆಯಬೇಕು, ಆದರೆ ಇಲ್ಲಿ ಕಲ್ಲು ಕಣ್ಣಿಗೆ ಕಾಣುವುದಿಲ್ಲ ಅಲ್ವಾ!

ಆದರೂ 2013ರಲ್ಲಿ ಸ್ಟ್ಯಾನ್‌ಫರ್ಡ್‌ನವರು 178 ಟ್ರಾನ್ಸಿಸ್ಟರ್‌ಗಳ ಪುಟ್ಟ ಕಂಪ್ಯೂಟರ್ ಮಾಡಿದರು. 2019ರಲ್ಲಿ ಎಂಐಟಿ ತಂಡ 14,000ಕ್ಕೂ ಜಾಸ್ತಿ ಟ್ರಾನ್ಸಿಸ್ಟರ್‌ಗಳ 16 ಬಿಟ್ ಪ್ರೊಸೆಸರ್ ತೋರಿಸಿತು. ಉಳಿದ ಲೋಹದ ಕೊಳವೆಗಳನ್ನು ಸಹಿಸಿಕೊಳ್ಳುವಂತೆ ಸರ್ಕ್ಯೂಟನ್ನೇ ವಿನ್ಯಾಸ ಮಾಡಿದರು. ನನಗೆ ತುಂಬ ಇಷ್ಟವಾದ ಹೆಜ್ಜೆ ಇದು.



ಸದ್ಯ ನ್ಯಾನೋಟ್ಯೂಬ್‌ಗಳು ಜಾಸ್ತಿ ಬಳಕೆಯಾಗುತ್ತಿರುವ ಕಡೆಗಳಲ್ಲಿ ಲಿಥಿಯಂ ಬ್ಯಾಟರಿಯೂ ಒಂದು. ಎಲೆಕ್ಟ್ರೋಡ್‌ಗೆ ಸ್ವಲ್ಪ ಬೆರೆಸಿದರೆ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಚಿಪ್‌ಗೆ ಇನ್ನೂ ಬೇಕಿರುವುದು ಕೊಳವೆಗಳನ್ನು ಒತ್ತೊತ್ತಾಗಿ, ಒಂದೇ ದಿಕ್ಕಿಗೆ ಜೋಡಿಸುವ ವಿದ್ಯೆ.